ಲಾಲ್‌ಬಾಗಿನಲ್ಲಿ ಸಿಕ್ಕ ಆ ಹಿರಿಯ ತಾಯಿಗೆ

ಕಳೆದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಲಾಲ್‌ಬಾಗಿನ ಗಾಜಿನಮನೆಯ ಬಳಿ, ಹದಿನಾರು ತಿಂಗಳು ತುಂಬಿದರೂ ಕೈಬಿಟ್ಟು ನಡೆಯದ ಮಗಳನ್ನು ಎರಡೂ ಕೈ ಹಿಡಿದು ನಡೆಸಲು ಹೆಣಗುತ್ತಿದ್ದ ನನ್ನನ್ನು ಕಂಡು ಹತ್ತಿರ ಬಂದ ಅಮ್ಮನವರೇ, ತಮ್ಮ ಹೆಸರನ್ನೂ ಕೇಳದೆ ಹೊರಟುಬಂದದ್ದಕ್ಕೆ ಕ್ಷಮೆಯಿರಲಿ.

"ಶೂ ಬಿಚ್ಚಮ್ಮಾ, ಅಂಗಾಲಿಗೆ ನೆಲ ತಿಳಿಯಲಿ" ಎಂದಿರಿ. ಬಳಿಕ ತಮ್ಮ ಸೆರಗಿನ ತುದಿಯನ್ನು ಅವಳ ಮುಷ್ಟಿಗೆ ಕೊಟ್ಟು, ಅವಳಿಗೆ ಅರಿವಾಗದಂತೆ ಮೆಲ್ಲಮೆಲ್ಲನೆ ಸಡಿಲಬಿಟ್ಟಿರಿ. ಒಂದು, ಎರಡು, ಐದು ಹೆಜ್ಜೆ! ಆಮೇಲೆ ಹುಲ್ಲಿನ ಮೇಲೆ ಧೊಪ್ಪನೆ ಕುಳಿತು, ತನಗೆ ತಾನೇ ಚಪ್ಪಾಳೆ ತಟ್ಟಿಕೊಂಡಳು.

ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಂತೆ ಸುಮಾರು 8ರಿಂದ 18 ತಿಂಗಳೊಳಗೆ ಯಾವಾಗ ನಡೆದರೂ ಸಹಜವೇ ಎಂದು ವೈದ್ಯರು ಮೊದಲೇ ತಿಳಿಸಿದ್ದರು. ಆದರೆ ನೆರೆಮನೆಯ ಮಗುವಿನೊಂದಿಗೆ ಹೋಲಿಸುವ ನನ್ನ ಮನಸ್ಸು ಕೇಳಬೇಕಲ್ಲ! ಚಕ್ರದ ವಾಕರ್ ಕೊಳ್ಳಲು ಹೊರಟಿದ್ದ ನಮಗೆ (ಕೆನಡಾ ಅದನ್ನು 2004ರಲ್ಲೇ ನಿಷೇಧಿಸಿದೆಯೆಂಬುದು ಆಮೇಲೆ ತಿಳಿಯಿತು) ಮರದ ಮೂರು ಗಾಲಿಯ ತಳ್ಳುಗಾಡಿ ಸಾಕೆಂದು ಹೇಳಿದವರೂ ತಾವೇ. ಚನ್ನಪಟ್ಟಣದಿಂದ ತರಿಸಿದ ಅರಗಿನ ಬಣ್ಣದ ಆ ಗಾಡಿಯನ್ನು ಅವಳೀಗ ಅಡುಗೆಮನೆಯಿಂದ ಹೊರಬಾಗಿಲವರೆಗೆ ತಳ್ಳುತ್ತಾಳೆ. ಎರಡು ಈರುಳ್ಳಿ, ಒಂದು ಸೌಟು, ಅಜ್ಜನ ಕನ್ನಡಕದ ಡಬ್ಬಿ ನಿತ್ಯದ ಪ್ರಯಾಣಿಕರು. ತಮಗೆ ನಮ್ಮ ಮನೆಯವರೆಲ್ಲರ ಹೃತ್ಪೂರ್ವಕ ಧನ್ಯವಾದಗಳು.