ಬಣ್ಣ ಒರೆಸಿದ ಮೇಲಿನ ಶಂಕರ್‌ನಾಗ್

ಮಾನ್ಯ ಸಂಪಾದಕರೇ,

ಸಿನಿಮಾ ನಟರನ್ನು ಆದರ್ಶವೆಂದು ಭಾವಿಸಿದ ಹುಡುಗರು ಕೆಟ್ಟೇ ಹೋಗುತ್ತಾರೆ ಎಂಬ ಅರ್ಥದ ಓದುಗರ ಪತ್ರವೊಂದನ್ನು ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಅದನ್ನು ಬರೆದವರ ಸಿಟ್ಟು ನನಗೆ ಅರ್ಥವಾಗುತ್ತದೆ. ಹೊನ್ನಾವರ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೈದು ವರ್ಷಗಳಿಂದ ಕನ್ನಡ ಕಲಿಸುತ್ತಿರುವ ನಾನು, ಕಟೌಟಿಗೆ ಹಾಲೆರೆಯಲು ಮನೆಯಿಂದ ಹಾಲಿನ ದುಡ್ಡು ಕದ್ದವರನ್ನೂ, ಪರೀಕ್ಷೆಯ ಹಿಂದಿನ ಸಂಜೆ ನಾಯಕನಟನ ಹಾಗೆ ಕೂದಲು ಕತ್ತರಿಸಿಕೊಳ್ಳಲು ಕ್ಷೌರದಂಗಡಿಯಲ್ಲಿ ಸಾಲುಗಟ್ಟಿ ಕುಳಿತವರನ್ನೂ ಕಂಡಿದ್ದೇನೆ. ಆದರೂ ಆ ಪತ್ರದ ತೀರ್ಮಾನವನ್ನು ಒಪ್ಪಲಾರೆ. ಏಕೆಂದರೆ ನಾನೂ ಅಂಥ ಹುಡುಗನೇ ಆಗಿದ್ದೆ. ನನ್ನ ನಟ ಶಂಕರ್‌ನಾಗ್.

ಅವರು ಆಟೋ ಚಾಲಕನಾಗಿ ನಟಿಸಿದ 'ಆಟೋ ರಾಜ' 1980ರಲ್ಲಿ ಬಿಡುಗಡೆಯಾದ ಚಿತ್ರ. ನಮ್ಮೂರಿನ ಟೆಂಟಿಗೆ ಅದು ಬರುವ ಹೊತ್ತಿಗೆ ಎರಡು ಮಳೆಗಾಲ ಕಳೆದಿತ್ತು. ಜೂನ್ ಬಂತೆಂದರೆ ಟೆಂಟ್ ಬಿಚ್ಚಿ ಗಂಟು ಕಟ್ಟುತ್ತಿದ್ದ ಕರಾವಳಿಯಲ್ಲಿ ಚಿತ್ರಗಳು ತಡವಾಗಿ ಬರುವುದೇ ರೂಢಿ. ಮರಳಿನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಆ ಚಿತ್ರವನ್ನು ಮೂರು ರಾತ್ರಿ ನೋಡಿದೆ. ನಾಲ್ಕನೆಯ ದಿನ ಬೆಳಿಗ್ಗೆ, ಎಲ್ಲರೂ ಕರಾಟೆ ಕಿಂಗ್ ಎಂದು ಕರೆಯುತ್ತಿದ್ದ ಆ ನಟನ ಒದೆತವನ್ನು ಹಿತ್ತಲಿನ ಪಪ್ಪಾಯಿ ಗಿಡದ ಮೇಲೆ ಪ್ರಯೋಗಿಸಿದೆ. ಪಪ್ಪಾಯಿಯ ಕಾಂಡ ಎಷ್ಟು ಮೆತ್ತಗೆಂಬುದು ಆ ವಯಸ್ಸಿನಲ್ಲಿ ಗೊತ್ತಿರಲಿಲ್ಲ. ಗಿಡ ಕಾಯಿಗಳ ಸಮೇತ ಬಾವಿಕಟ್ಟೆಯ ಮೇಲೆ ಮಗುಚಿಕೊಂಡಿತು. ಅಜ್ಜಿ ಹೊಡೆಯಲಿಲ್ಲ. ಅದೇ ಜಾಗದಲ್ಲಿ ಇನ್ನೊಂದು ಸಸಿ ನೆಡಿಸಿ, ಅದು ಕಾಯಿ ಬಿಡುವವರೆಗೆ ದಿನಕ್ಕೆರಡು ಕೊಡ ನೀರು ಹೊತ್ತು ಹಾಕುವ ಕೆಲಸ ಕೊಟ್ಟಳು. ಪತ್ರ ಬರೆದ ಮಹನೀಯರು ಆ ವರ್ಷ ನನ್ನನ್ನು ನೋಡಿದ್ದರೆ ಅವರ ವಾದಕ್ಕೆ ನಾನೇ ಸಾಕ್ಷಿಯಾಗುತ್ತಿದ್ದೆ.

ಆದರೆ ಅವರು ಗಮನಿಸದ ಸಂಗತಿಯೊಂದಿದೆ. ನಮ್ಮ ಸೀಮೆಯ ಮಕ್ಕಳಿಗೆ ಸಿನಿಮಾ ಮೊದಲ ರಂಗವಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಯಕ್ಷಗಾನ ಮೇಳದ ಈ ನೆಲದಲ್ಲಿ, ಟೆಂಟಿನ ಪರದೆಯನ್ನು ನೋಡುವುದಕ್ಕೆ ಮೊದಲೇ ನಾವು ವೇಷ ಕಟ್ಟುವ ಚೌಕಿಯೊಳಗೆ ಇಣುಕಿದವರು. ರಾತ್ರಿಯಿಡೀ ಕುಣಿದು ಸಭೆಯನ್ನು ನಡುಗಿಸಿದ ವೇಷಧಾರಿ ಬೆಳಗಿನ ಜಾವ ಕಿರೀಟ ಇಳಿಸಿ, ತೆಂಗಿನೆಣ್ಣೆ ಹಚ್ಚಿ ಬಣ್ಣ ಒರೆಸಿಕೊಂಡು, ಹೆಗಲಿಗೊಂದು ಟವೆಲ್ ಹಾಕಿಕೊಂಡು ಚಹಾ ಅಂಗಡಿಯ ಬೆಂಚಿನ ಮೇಲೆ ಕೂರುವುದನ್ನು ಕಂಡ ಹುಡುಗನಿಗೆ, ವೇಷ ಬೇರೆ, ಮನುಷ್ಯ ಬೇರೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆಟ ಚೆನ್ನಾಗಿ ಆಯಿತೆಂದು ಹೊಗಳುವ ದೊಡ್ಡವರು ಅದರ ಬೆನ್ನಿಗೇ ಆ ಕಲಾವಿದ ಮನುಷ್ಯನಾಗಿ ಹೇಗೆ ಎಂದೂ ಮಾತಾಡಿಕೊಳ್ಳುತ್ತಿದ್ದರು. ನನ್ನ ನಟನ ವಿಷಯದಲ್ಲೂ ಆ ಪ್ರಶ್ನೆ ಏಳದಿರಲು ಸಾಧ್ಯವಿರಲಿಲ್ಲ, ಅದರಲ್ಲೂ ಆತ 1954ರ ನವೆಂಬರ್ 9ರಂದು ಹುಟ್ಟಿದ್ದು ನಮ್ಮ ಹೊನ್ನಾವರದಲ್ಲಿಯೇ ಎಂದು ತಿಳಿದ ಮೇಲೆ.

ಉತ್ತರ ಸಿಕ್ಕಿದ್ದು ಎಂಬತ್ತರ ದಶಕದ ಕೊನೆಗೆ, ಹುಬ್ಬಳ್ಳಿಯ ದೊಡ್ಡಪ್ಪನ ಮನೆಯ ಕಪ್ಪು ಬಿಳುಪಿನ ಟಿವಿಯಲ್ಲಿ. ರಜೆಗೆಂದು ಹೋದಾಗ ದೂರದರ್ಶನದಲ್ಲಿ 'ಮಾಲ್ಗುಡಿ ಡೇಸ್' ಬರುತ್ತಿತ್ತು. ಮಾತೆಲ್ಲ ಹಿಂದಿಯಲ್ಲಿದ್ದುದರಿಂದ ನನಗೆ ಅರ್ಧ ಅರ್ಥವಾಯಿತು, ಉಳಿದರ್ಧವನ್ನು ನಾನೇ ಕಟ್ಟಿಕೊಂಡೆ. ಆ ಊರಿನ ಮಳೆ, ಹಂಚಿನ ಮನೆ, ಕಂಬದ ಜಗುಲಿ ಎಲ್ಲವೂ ಎಲ್ಲೋ ನೋಡಿದಂತೆ ಕಂಡವು. ಚಿತ್ರೀಕರಣ ನಡೆದದ್ದು ಘಟ್ಟದ ಮೇಲಿನ ಆಗುಂಬೆಯಲ್ಲಿ ಎಂದು ಆಮೇಲೆ ತಿಳಿಯಿತು. ಶಂಕರ್‌ನಾಗ್ ಯಾವಾಗ ಬಂದು ಒದೆಯುತ್ತಾರೆ ಎಂದು ನಾನು ಕಾದೆ. ಕಂತು ಮುಗಿಯಿತು, ಅವರು ಬರಲಿಲ್ಲ. ನಿರ್ದೇಶಕರ ಹೆಸರಿನ ಜಾಗದಲ್ಲಿ ಮಾತ್ರ ಅವರ ಹೆಸರಿತ್ತು. ಸಾವಿರಾರು ಜನ ಶಿಳ್ಳೆ ಹೊಡೆಯುವ ನಟನೊಬ್ಬ ತಾನು ಕಾಣಿಸಿಕೊಳ್ಳದೆ, ಶಾಲೆಗೆ ಹೋಗಲು ಮನಸ್ಸಿಲ್ಲದ ಸ್ವಾಮಿಯೆಂಬ ಹುಡುಗನೊಬ್ಬನನ್ನು ಇಷ್ಟು ತಾಳ್ಮೆಯಿಂದ ತೋರಿಸಬಹುದೇ ಎಂದು ಆಶ್ಚರ್ಯವಾಯಿತು. ಆ ಧಾರಾವಾಹಿಗೆ ಕತೆ ಆರ್.ಕೆ. ನಾರಾಯಣ್ ಅವರದು, ರೇಖಾಚಿತ್ರ ಆರ್.ಕೆ. ಲಕ್ಷ್ಮಣ್ ಅವರದು, ಸಂಗೀತ ಎಲ್. ವೈದ್ಯನಾಥನ್ ಅವರದು. ಅವರೆಲ್ಲರನ್ನೂ ಒಂದೆಡೆ ಸೇರಿಸಿ ಹಿಂದೆ ನಿಂತವರು ನಮ್ಮೂರಿನವರು. ನನ್ನ ಮಟ್ಟಿಗೆ ಅದೇ ಅವರು ಬಣ್ಣ ಒರೆಸಿದ ಹೊತ್ತು.

ಅಲ್ಲಿಂದ ಮುಂದೆ ಅವರ ಹೆಸರಿದ್ದಲ್ಲೆಲ್ಲ ಹುಡುಕಿ ಓದತೊಡಗಿದೆ. ಮುಂಬೈಯ ರಂಗಭೂಮಿಯಿಂದ ಬಂದು, ಶಿರಸಿಯಲ್ಲಿ ಬಾಲ್ಯ ಕಳೆದ ಗಿರೀಶ ಕಾರ್ನಾಡರು ನಿರ್ದೇಶಿಸಿದ 'ಒಂದಾನೊಂದು ಕಾಲದಲ್ಲಿ' ಚಿತ್ರದ ಮೂಲಕ 1978ರಲ್ಲಿ ಕನ್ನಡಕ್ಕೆ ಪರಿಚಯವಾದವರು ಅವರು. ಆ ಪಾತ್ರಕ್ಕೆ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂದಿತು. ಎರಡೇ ವರ್ಷಗಳಲ್ಲಿ 'ಮಿಂಚಿನ ಓಟ' ನಿರ್ದೇಶಿಸಿದರು. 'ಸಂಕೇತ್' ತಂಡ ಕಟ್ಟಿ ನಾಟಕ ಆಡಿಸಿದರು. ಇವುಗಳ ನಡುವೆ 'ಆಕ್ಸಿಡೆಂಟ್' ಚಿತ್ರವೂ ಬಂತು. ನಶೆಯಲ್ಲಿ ಕಾರು ಓಡಿಸಿ ಪಾದಚಾರಿ ಮಾರ್ಗದಲ್ಲಿ ಮಲಗಿದ್ದವರ ಮೇಲೆ ಹರಿಸುವ ದೊಡ್ಡವರ ಮಗ, ಅವನನ್ನು ಉಳಿಸಿಕೊಳ್ಳಲು ಹೊರಡುವ ರಾಜಕಾರಣಿ ತಂದೆ, ಅದನ್ನು ಬಯಲಿಗೆಳೆಯಲು ಹೆಣಗುವ ಪತ್ರಕರ್ತ. ತಂದೆಯ ಪಾತ್ರ ಅಣ್ಣ ಅನಂತ್‌ನಾಗ್ ಅವರದು, ಪತ್ರಕರ್ತನ ಪಾತ್ರ ತಮ್ಮನದು. ಸಾಮಾಜಿಕ ವಿಷಯದ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ ಅದನ್ನು ನಾನು ಮೊದಲು ನೋಡಿದ್ದು ಬಾಡಿಗೆಗೆ ತಂದ ವಿಡಿಯೊ ಕ್ಯಾಸೆಟ್ಟಿನಲ್ಲಿ. ಅಂಥ ಸುದ್ದಿಗಳು ಪತ್ರಿಕೆಗಳಲ್ಲಿ ಇಂದಿಗೂ ಬರುತ್ತಲೇ ಇವೆ ಎಂಬುದನ್ನು ಸಂಪಾದಕರಾದ ತಮಗೆ ನಾನು ಹೇಳಬೇಕಾಗಿಲ್ಲ.

1990ರ ಸೆಪ್ಟೆಂಬರ್ 30 ಭಾನುವಾರ. ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅಪಘಾತವಾಗಿ ಶಂಕರ್‌ನಾಗ್ ತೀರಿಕೊಂಡರು. ಇನ್ನೂ ಮೂವತ್ತಾರು ತುಂಬಿರಲಿಲ್ಲ. ಸೋಮವಾರದ ಪತ್ರಿಕೆಯ ಕಟ್ಟು ಘಟ್ಟ ಇಳಿದು ಬರುವ ಬಸ್ಸಿನಿಂದ ಇಳಿದಾಗ ನಾನು ಬಸ್‌ನಿಲ್ದಾಣದಲ್ಲಿದ್ದೆ. ಆಗ ನಮ್ಮಲ್ಲಿ ಇದ್ದ ನಾಲ್ಕೈದು ಆಟೋಗಳು ಸಂಜೆಯವರೆಗೂ ಬಾಡಿಗೆಗೆ ಹೋಗಲಿಲ್ಲ. ಚಾಲಕರು ಒಂದೇ ಪತ್ರಿಕೆಯನ್ನು ಕೈಯಿಂದ ಕೈಗೆ ದಾಟಿಸುತ್ತ ಕುಳಿತಿದ್ದರು. 'ಆಕ್ಸಿಡೆಂಟ್' ಚಿತ್ರವನ್ನು ಮತ್ತೆ ನೋಡಲು ನನಗೆ ಹಲವು ವರ್ಷ ಮನಸ್ಸಾಗಲಿಲ್ಲ. ಅದರ ಹೆಸರೇ ಸಾಕಾಗಿತ್ತು.

ಅವರನ್ನು ದೇವರ ಮಂಟಪದಲ್ಲಿ ಕೂರಿಸುವ ಉದ್ದೇಶ ನನಗಿಲ್ಲ. ಹನ್ನೆರಡು ವರ್ಷಗಳಲ್ಲಿ ನಟಿಸಿದ ಎಂಬತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಸಾಕಷ್ಟು ತೀರ ಸಾಧಾರಣ ಹೊಡೆದಾಟದ ಚಿತ್ರಗಳೇ. ಅವನ್ನು ನನ್ನ ವಿದ್ಯಾರ್ಥಿಗಳಿಗೆ ನೋಡಿರೆಂದು ಹೇಳುವುದಿಲ್ಲ. ನಿದ್ದೆಗೆಟ್ಟು ದುಡಿಯುತ್ತಿದ್ದರು ಎಂದು ಜೊತೆಗಿದ್ದವರು ಅಭಿಮಾನದಿಂದ ಹೇಳುವುದುಂಟು. ಆ ಅಭ್ಯಾಸವನ್ನಂತೂ ಯಾರಿಗೂ ಮಾದರಿಯೆನ್ನಲಾರೆ. ನಾನು ಅವರಿಂದ ಕಲಿತದ್ದು ಬೇರೆ. ಮುಂದೆ ನಿಂತು ಚಪ್ಪಾಳೆ ಪಡೆಯುವ ಶಕ್ತಿ ಇದ್ದವನು ಹಿಂದೆ ನಿಂತು ಹತ್ತು ಜನರ ಕೆಲಸವನ್ನು ಜೋಡಿಸಬಹುದು, ಅದೂ ಅಷ್ಟೇ ಸಂತೋಷದಿಂದ ಎಂಬುದನ್ನು.

ಅದನ್ನು ನನ್ನ ಅಳತೆಗೆ ತಕ್ಕಂತೆ ಮಾಡಿದ್ದೇನೆ. ನಮ್ಮ ಶಾಲೆಯ ಸ್ನೇಹಸಮ್ಮೇಳನದಲ್ಲಿ ಪ್ರತಿ ವರ್ಷ ಮಕ್ಕಳಿಂದ ನಾಟಕ ಆಡಿಸುತ್ತೇನೆ. ಪಾತ್ರ ಸಿಗದ ಮಕ್ಕಳೇ ಅದರ ಮುಖ್ಯ ಜನ: ಪರದೆ ಎಳೆಯುವವನು, ಹಾರ್ಮೋನಿಯಂ ಹೊತ್ತು ತರುವವರು, ಮಾತು ಮರೆತಾಗ ಪಕ್ಕದಿಂದ ಪಿಸುಗುಟ್ಟುವವಳು. ನಾಟಕ ಮುಗಿದಾಗ ಮೊದಲು ವೇದಿಕೆಗೆ ಬರುವವರು ಅವರೇ. ಅರುಂಧತಿ ನಾಗ್ ಅವರು ಗಂಡನ ನೆನಪಿಗೆ ಬೆಂಗಳೂರಿನ ಜೆ.ಪಿ. ನಗರದಲ್ಲಿ ಕಟ್ಟಿಸಿದ, 2004ರಲ್ಲಿ ಬಾಗಿಲು ತೆರೆದ ರಂಗಶಂಕರಕ್ಕೆ ಹೋದಾಗ, ನಾಟಕ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ ಎಂಬ ಅಲ್ಲಿನ ಕಟ್ಟುನಿಟ್ಟನ್ನು ಕಂಡು ಬಂದು, ನಮ್ಮಲ್ಲೂ ಹೇಳಿದ ಸಮಯಕ್ಕೇ ಆರಂಭಿಸುವ ಪದ್ಧತಿ ಹಾಕಿದೆ. ಮೊದಲ ವರ್ಷ ಮುಖ್ಯ ಅತಿಥಿಗಳು ಬರುವಷ್ಟರಲ್ಲಿ ಎರಡು ದೃಶ್ಯ ಮುಗಿದಿದ್ದವು. ಅವರು ಸ್ವಲ್ಪ ಬೇಸರಿಸಿಕೊಂಡರು, ಮಕ್ಕಳಿಗಂತೂ ತುಂಬ ಖುಷಿಯಾಯಿತು.

ಇನ್ನು ನನ್ನ ಕೋರಿಕೆ. ಪ್ರತಿ ನವೆಂಬರ್ 9ಕ್ಕೆ ರಾಜ್ಯದುದ್ದಕ್ಕೂ ಆಟೋಗಳಿಗೆ ಹೂವಿನ ಹಾರ ಬೀಳುತ್ತದೆ. ಚಾಲಕರು ಸ್ವಂತ ದುಡ್ಡಿನಲ್ಲಿ, ಸ್ವಂತ ಪ್ರೀತಿಯಿಂದ ಮಾಡುವ ಕೆಲಸವದು, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಶಂಕರ್‌ನಾಗ್ ಅವರ ಪುಟ್ಟ ಚಿತ್ರವನ್ನು ಮೂಲೆಗೆ ಹಾಕಿ ಶುಭ ಕೋರುವವರ ಮುಖಗಳನ್ನೇ ದೊಡ್ಡದಾಗಿ ಮುದ್ರಿಸಿ ವೃತ್ತಗಳಲ್ಲಿ ನಿಲ್ಲಿಸುವ ಫ್ಲೆಕ್ಸುಗಳ ಖರ್ಚು ಉಳಿಸಿದರೆ, ಜಿಲ್ಲೆಯ ಶಾಲೆಗಳಲ್ಲಿ ಆ ದಿನ 'ಮಾಲ್ಗುಡಿ ಡೇಸ್'ನ ಒಂದು ಕಂತನ್ನಾದರೂ ಮಕ್ಕಳಿಗೆ ತೋರಿಸಬಹುದು. ತೋರಿಸುವವರು ಕೊನೆಯಲ್ಲಿ ಬರುವ ಹೆಸರುಗಳನ್ನು ದಯವಿಟ್ಟು ನಡುವೆ ನಿಲ್ಲಿಸಬಾರದು. ಯಾರು ಯಾವ ಕೆಲಸ ಮಾಡಿದ್ದಾರೆ ಎಂದು ಮಕ್ಕಳಿಂದಲೇ ಓದಿಸಬೇಕು. ಹೊನ್ನಾವರ, ಕುಮಟಾ, ಭಟ್ಕಳ ತಾಲೂಕುಗಳ ಯಾವ ಶಾಲೆ ಕೇಳಿದರೂ ನಮ್ಮ ಪ್ರೊಜೆಕ್ಟರನ್ನು ನಾನೇ ಹೊತ್ತು ತರಲು ಸಿದ್ಧನಿದ್ದೇನೆ. ಪರದೆಗೆ ಬಿಳಿ ಪಂಚೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ಪ್ರೌಢಶಾಲಾ ಕನ್ನಡ ಶಿಕ್ಷಕ,
ಹೊನ್ನಾವರ