‘ಎನ್.ಎ. ಆಗಿದೆ’ ಎಂದರೆ ಏನಾಗಿದೆ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪತ್ರಿಕೆಯಲ್ಲಿ ವಿಜಯಪುರದ ಪ್ಲಾಟ್‌ಗಳ ಜಾಹೀರಾತು ಎರಡು ಪುಟ ತುಂಬಿತ್ತು. ಬಹುತೇಕ ಎಲ್ಲದರಲ್ಲೂ ಅದೇ ಸಾಲು: ‘ಎನ್.ಎ. ಆದ, ಕೆ.ಜೆ.ಪಿ. ಆದ, ಬ್ಯಾಂಕ್ ಸಾಲ ಸಿಗುವ ಪ್ಲಾಟ್‌ಗಳು’. ನಾನು ಗೌಂಡಿ. ಮೂವತ್ತೊಂದು ವರ್ಷಗಳಿಂದ ಈ ಊರಿನಲ್ಲಿ ಮನೆ ಕಟ್ಟುತ್ತಿದ್ದೇನೆ. ಆ ಬೆಳಿಗ್ಗೆ ಚಹಾದ ಅಂಗಡಿಯಲ್ಲಿ ಪತ್ರಿಕೆ ಹಿಡಿದುಕೊಂಡೇ ನನ್ನ ಜೊತೆಗಿದ್ದ ನಾಲ್ವರನ್ನು ಕೆ.ಜೆ.ಪಿ. ಎಂದರೆ ಏನು ಎಂದು ಕೇಳಿದೆ. ಒಬ್ಬರಿಗೂ ಗೊತ್ತಿರಲಿಲ್ಲ. ಅವರಲ್ಲಿ ಇಬ್ಬರು ಈಗಾಗಲೇ ಪ್ಲಾಟ್ ಕೊಂಡವರು.

ಅದಕ್ಕಾಗಿಯೇ ಈ ಪತ್ರ. ನಮ್ಮ ಜನ ಒಂದು ಸೀರೆ ಕೊಳ್ಳುವಾಗ ಹತ್ತು ಸಲ ಮಡಿಕೆ ಬಿಚ್ಚಿ ನೋಡುತ್ತಾರೆ, ಸೆರಗಿನ ನೂಲು ಎಳೆದು ನೋಡುತ್ತಾರೆ. ಜೀವಮಾನದ ಗಳಿಕೆ ಸುರಿಯುವ ಪ್ಲಾಟಿನ ಕಾಗದದ ಮುಂದೆ ಮಾತ್ರ ಸುಮ್ಮನೆ ತಲೆಯಾಡಿಸಿ ಸಹಿ ಮಾಡುತ್ತಾರೆ. ಅಲ್ಲಿರುವ ಪದಗಳು ತಿಳಿಯುವುದಿಲ್ಲ, ಕೇಳಿದರೆ ದಡ್ಡರೆಂದು ತಿಳಿದಾರು ಎಂಬ ಸಂಕೋಚ. ನಾನೂ ಹಾಗೆ ಸಹಿ ಮಾಡಿದವನೇ.

2016ರಲ್ಲಿ ಊರ ಹೊರಗೆ ಒಂದು ಗುಂಟೆ ಜಾಗ ಕೊಂಡೆ. ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, ಒಟ್ಟು 1,089 ಚದರ ಅಡಿ. ಈ ಲೆಕ್ಕ ನನಗೆ ನಿದ್ದೆಯಲ್ಲೂ ಬರುತ್ತದೆ. ಹೆಂಡತಿಯ ಪಾಟ್ಲಿ ಮಾರಿದ ಹಣವೂ ಅದರಲ್ಲಿತ್ತು. ಮಾರಿದವರು ‘ಬಾಂಡ್ ಮಾಡಿಕೊಡುತ್ತೇವೆ’ ಎಂದರು. ನೂರು ರೂಪಾಯಿಯ ಛಾಪಾ ಕಾಗದ, ಅದರ ಮೇಲೆ ನೋಟರಿ ಸೀಲು, ಇಬ್ಬರು ಸಾಕ್ಷಿಗಳು. ಜಾಗ ನನ್ನದಾಯಿತು ಎಂದುಕೊಂಡು ಮನೆಗೆ ಬಂದು ದೇವರ ಮುಂದೆ ಕಾಗದ ಇಟ್ಟೆ. ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಮಾರಾಟ ನೋಂದಣಿಯಾದ ಪತ್ರದ ಮೂಲಕವೇ ಆಗಬೇಕು ಎಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಮಿನಲ್ಲಿ ಇದೆ ಎಂಬುದು ನನಗೆ ತಿಳಿದದ್ದು ನಾಲ್ಕು ವರ್ಷಗಳ ನಂತರ, ವಕೀಲರ ಕೋಣೆಯಲ್ಲಿ. ನನ್ನ ಕೈಯಲ್ಲಿದ್ದದ್ದು ಮುಂದೊಂದು ದಿನ ಮಾರುತ್ತೇವೆ ಎಂಬ ಕರಾರು. ಖರೀದಿ ಪತ್ರ ಆಗಿರಲೇ ಇಲ್ಲ. ಖರೀದಿ ಪತ್ರವಿಲ್ಲದೆ ಬರೀ ಮುಖ್ತಿಯಾರ್ ಪತ್ರದ ಮೇಲೆ ನಡೆಯುವ ಮಾರಾಟವೂ ಮಾಲೀಕತ್ವ ಕೊಡುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ವಕೀಲರು ನನ್ನ ಬಾಂಡನ್ನು ಮೇಜಿನ ಮೇಲೆ ಹರಡಿ ಚತುಃಸೀಮೆಯ ಜಾಗದಲ್ಲಿ ಬೆರಳಿಟ್ಟು ಓದಲು ಹೇಳಿದರು. ಓದಿದೆ. ಪೂರ್ವಕ್ಕೆ: ಇದೇ ಸರ್ವೆ ನಂಬರಿನ ಉಳಿದ ಜಮೀನು. ಪಶ್ಚಿಮಕ್ಕೆ: ಇದೇ ಸರ್ವೆ ನಂಬರಿನ ಉಳಿದ ಜಮೀನು. ಉತ್ತರಕ್ಕೂ ಅದೇ, ದಕ್ಷಿಣಕ್ಕೂ ಅದೇ. ‘ರಸ್ತೆ ಎಲ್ಲಿದೆ?’ ಎಂದು ಅವರು ಕೇಳಿದರು. ನೂರಾರು ಮನೆಗಳಿಗೆ ದಾರ ಹಿಡಿದು ಗುರುತು ಹಾಕಿದ ನಾನು ನನ್ನ ಜಾಗಕ್ಕೆ ಕಾಲಿಡುವ ದಾರಿಯೇ ಕಾಗದದಲ್ಲಿಲ್ಲ ಎಂಬುದನ್ನು ನೋಡಿರಲಿಲ್ಲ. ಹೊಲದ ದಾಖಲೆಯಾದ ಉತಾರ ತೆಗೆಸಿದಾಗ 9ನೇ ಕಾಲಂನಲ್ಲಿ ಮೂಲ ಮಾಲೀಕರ ಹೆಸರು ಹಾಗೆಯೇ ಇತ್ತು, 11ನೇ ಕಾಲಂನಲ್ಲಿ ಸೊಸೈಟಿ ಸಾಲದ ಬೋಜಾ, ಅಂದರೆ ಭಾರ, ಇತ್ತು. ಆಮೇಲೆ ಆ ಮಾಲೀಕರ ಇಬ್ಬರು ಅಕ್ಕತಂಗಿಯರು ಹಿಸ್ಸೆ ಕೇಳಿ ದಾವೆ ಹಾಕಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ತಂದೆಯ ಮನೆತನದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಇದೆ. ಅವರ ಸಹಿ ಬೇಕೆಂದು ನಾನು ಕೇಳಬೇಕಿತ್ತು. ಆ ಜಾಗದಲ್ಲಿ ಈ ವರ್ಷವೂ ತೊಗರಿ ಬಿತ್ತಿದ್ದಾರೆ.

ಹೀಗಿರುವಾಗ ಬಾಂಡ್ ವ್ಯವಹಾರ ಏಕೆ ನಿಲ್ಲುತ್ತಿಲ್ಲ ಎಂದರೆ ಖರ್ಚಿನ ಹೆದರಿಕೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದ ಮೇಲೆ ‘ಸದ್ಯ ಬಾಂಡ್ ಮಾಡಿಕೊಳ್ಳೋಣ, ಖರೀದಿ ಆಮೇಲೆ ನೋಡೋಣ’ ಎಂಬ ಮಾತು ನನ್ನ ಕಿವಿಗೆ ಹೆಚ್ಚು ಬೀಳುತ್ತಿದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಈಗ ಜಾಹೀರಾತಿನ ಆ ಎರಡು ಪದಗಳಿಗೆ ಬರುತ್ತೇನೆ. ಎನ್.ಎ. ಎಂದರೆ ಹೊಲವನ್ನು ಬೇಸಾಯವಲ್ಲದ ಕೆಲಸಕ್ಕೆ ಬಳಸಲು 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಸಿಗುವ ಜಿಲ್ಲಾಧಿಕಾರಿಯ ಆದೇಶ. ಅದು ಯಾವ ಉದ್ದೇಶಕ್ಕೆ ಎಂಬುದೂ ಆದೇಶದಲ್ಲಿಯೇ ಇರುತ್ತದೆ. ವಾಣಿಜ್ಯಕ್ಕೋ ಕೈಗಾರಿಕೆಗೋ ಆದ ಎನ್.ಎ. ಮನೆಗೆ ಆಗುವುದಿಲ್ಲ. ಆದೇಶವಾದ ಮೇಲೂ ರಸ್ತೆ, ಉದ್ಯಾನ ಎಲ್ಲ ಬಿಟ್ಟು ತಯಾರಿಸಿದ ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಮಂಜೂರಾತಿ ಬೇಕು. ಎನ್.ಎ. ಆಗಿ ನಕ್ಷೆ ಮಂಜೂರಾಗದ ಜಾಗ ಹೊಲವೂ ಅಲ್ಲ, ಪ್ಲಾಟೂ ಅಲ್ಲ. ಕೆ.ಜೆ.ಪಿ. ಎಂದರೆ ‘ಕಮಿ ಜಾಸ್ತಿ ಪತ್ರಕ’. ಮುಂಬೈ ಪ್ರಾಂತದ ಕಾಲದಿಂದ ನಮ್ಮ ಕಡೆ ಉಳಿದುಬಂದ ಮಾತು. ಒಂದು ಸರ್ವೆ ನಂಬರಿನಲ್ಲಿ ಎಷ್ಟು ಕಡಿಮೆಯಾಯಿತು, ಎಷ್ಟು ಎಲ್ಲಿಗೆ ಸೇರಿತು ಎಂದು ಭೂಮಾಪನ ಇಲಾಖೆ ಬರೆದಿಡುವ ದಾಖಲೆ ಅದು. ಇಷ್ಟನ್ನು ಹೇಳಲು ನಾಲ್ಕು ಸಾಲು ಸಾಕು. ಮಾರುವವರು ಹೇಳುವುದಿಲ್ಲ. ಎನ್.ಎ.ಗೆ ಅರ್ಜಿ ಹಾಕಿದ್ದನ್ನೇ ‘ಎನ್.ಎ. ಆಗಿದೆ’ ಎಂದು ಹೇಳಿ ಮಾರುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದೇಶದ ಸಂಖ್ಯೆ ಮತ್ತು ತಾರೀಖು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಪಂಚಾಯಿತಿ ಹದ್ದಿನ ಜಾಗವಾದರೆ ಪಂಚಾಯಿತಿಯ ಆಸ್ತಿ ದಾಖಲೆಯಾದ ನಮೂನೆ 9 ಮತ್ತು 11ಎ ಸಿಗುತ್ತಿದೆಯೇ, ಇಲ್ಲವೇ 11ಬಿ ಕೊಡುತ್ತಾರೆಯೇ ಎಂದು ಕೇಳಬೇಕು. ಇವು ಬರಿಯ ಅಂಕಿಗಳಲ್ಲ. ಮೊದಲಿನವು ಕ್ರಮಬದ್ಧ ಆಸ್ತಿಗೆ, 11ಬಿ ಹಾಗಲ್ಲದ್ದಕ್ಕೆ. ಪಾಲಿಕೆಯ ಹದ್ದಿನಲ್ಲಿ ಎ ಖಾತೆ, ಬಿ ಖಾತೆ ಎಂಬ ಮಾತು 2025ರಿಂದ ನಮ್ಮಲ್ಲಿಯೂ ಬಂದಿದೆ. ಎ ಇರಲಿ, ಬಿ ಇರಲಿ, ಖಾತೆ ಎನ್ನುವುದು ತೆರಿಗೆ ಯಾರಿಂದ ಪಡೆಯಬೇಕು ಎಂದು ಬರೆದಿಟ್ಟ ಪುಸ್ತಕ. ಮಾಲೀಕತ್ವಕ್ಕೆ ಖರೀದಿ ಪತ್ರವೇ ಬೇಕು. ಇ.ಸಿ., ಅಂದರೆ ಋಣಭಾರ ಪ್ರಮಾಣಪತ್ರವೂ ಹಾಗೆಯೇ. ನಮೂನೆ 16 ಬಂದರೆ ಆ ಅವಧಿಯಲ್ಲಿ ನೋಂದಣಿಯಾದ ವ್ಯವಹಾರ ಇಲ್ಲ ಎಂದು ಅರ್ಥ, ಅಷ್ಟೇ. ನನ್ನ ಬಾಂಡಿನಂಥ ಕಾಗದ ಅದರಲ್ಲಿ ಕಾಣುವುದೇ ಇಲ್ಲ. ನನಗೆ ಮಾರಿದ ಜಾಗವನ್ನೇ ಇನ್ನೊಬ್ಬರಿಗೆ ಬಾಂಡ್ ಮಾಡಿಕೊಟ್ಟಿದ್ದರೂ ಕಾಣುತ್ತಿರಲಿಲ್ಲ.

ನನ್ನ ಅಳಿಯ ಮೈಸೂರು ಕಡೆಯವರು. ಅವರು ಪಹಣಿ, ಕ್ರಯಪತ್ರ, ಸೈಟು, ಜಲ್ಲಿ, ಮರಳು ಎನ್ನುತ್ತಾರೆ. ನಾವು ಉತಾರ, ಖರೀದಿ, ಪ್ಲಾಟು, ಖಡಿ, ಉಸುಕು ಎನ್ನುತ್ತೇವೆ. ಎರಡೂ ಕನ್ನಡವೇ, ಎರಡೂ ಚೆಂದವೇ. ಆದರೆ ತಿಳಿವಳಿಕೆ ಪತ್ರಗಳು ಅವರ ಮಾತಿನಲ್ಲಿ ಬರುತ್ತವೆ, ಮೋಸ ನಮ್ಮ ಮಾತಿನಲ್ಲಿ ನಡೆಯುತ್ತದೆ. ‘ಪಹಣಿಯ 11ನೇ ಕಾಲಂ ಪರಿಶೀಲಿಸಿ’ ಎಂದು ಬರೆದರೆ ನಮ್ಮ ಓಣಿಯ ಹಿರಿಯರಿಗೆ ಅದು ಬೇರೆ ಯಾವುದೋ ಕಾಗದ. ‘ಉತಾರದಲ್ಲಿ ಬೋಜಾ ಇದೆಯೇ ನೋಡಿ’ ಎಂದರೆ ತಕ್ಷಣ ಎದ್ದು ಹೋಗಿ ನೋಡುತ್ತಾರೆ.

ಇನ್ನು ಮನೆ ಕಟ್ಟುವ ಮಾತು, ನನ್ನ ಸ್ವಂತ ಕಸುಬಿನದು. ಎರಡು ತಿಂಗಳ ಹಿಂದೆ ಬಸ್ ಚಾಲಕರೊಬ್ಬರು ಹೆಂಡತಿಯೊಂದಿಗೆ ಬಂದು, ‘ಕಾಕಾ, ಇವರು ನಿಮಗಿಂತ ಕಡಿಮೆ ದರ ಹೇಳಿದ್ದಾರೆ’ ಎಂದು ಇನ್ನೊಬ್ಬರ ಅಂದಾಜು ಪತ್ರ ತೋರಿಸಿದರು. ಅರ್ಧ ಹಾಳೆ. ಚದರ ಅಡಿಗೆ ಇಷ್ಟು ಎಂಬ ಒಂದು ಸಾಲು, ಕೆಳಗೆ ಸಹಿ. ಯಾವ ಚದರ ಅಡಿ ಎಂದು ಅದರಲ್ಲಿ ಇರಲಿಲ್ಲ. ಬಾಲ್ಕನಿ, ಪಾವಟಿಗೆಯ ಮೇಲಿನ ಕೋಣೆ ಪೂರ್ತಿ ಲೆಕ್ಕಕ್ಕೆ ಬರುತ್ತವೆಯೇ, ನೀರಿನ ಟಾಕಿ, ಕಂಪೌಂಡ್ ಬೇರೆಯೇ, ಗಿಲಾವು ಎರಡೂ ಬದಿಗೆ ಇದೆಯೇ, ಯಾವುದೂ ಇಲ್ಲ. ‘ಬುನಾದಿ ಮೂರು ಅಡಿ’ ಎಂದು ಮಾತ್ರ ಇತ್ತು. ಅವರ ಪ್ಲಾಟು ಎರೆ ಭೂಮಿಯಲ್ಲಿದೆ. ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ನಿಂತ ಗೋಡೆಯೂ ಅದರ ಜೊತೆಗೆ ಏರಿ ಇಳಿಯುತ್ತದೆ, ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳು ಬಿಡುತ್ತದೆ. ಬುನಾದಿ ಎರೆ ಮಣ್ಣನ್ನು ದಾಟಿ ಗಟ್ಟಿ ಮುರುಮಿನ ಮೇಲೆ ಕೂರಬೇಕು. ನಾವು ಅವರ ಪ್ಲಾಟಿನಲ್ಲಿ ಒಂದು ಗುಂಡಿ ತೋಡಿ ನೋಡಿದೆವು. ಮುರುಮು ಸಿಕ್ಕಿದ್ದು ಆರೂವರೆ ಅಡಿಗೆ. ಮೂರಕ್ಕೂ ಆರೂವರೆಗೂ ನಡುವಿನ ಖರ್ಚು ‘ಹೆಚ್ಚುವರಿ’ ಎಂಬ ಹೆಸರಿನಲ್ಲಿ ಅವರ ತಲೆಯ ಮೇಲೆ ಬೀಳುತ್ತಿತ್ತು. ಆ ಹೆಣ್ಣುಮಗಳು ಗುಂಡಿಯ ದಂಡೆಯಲ್ಲಿ ಕುಳಿತು ಕೆಳಗಿನ ಹಳದಿ ಮುರುಮನ್ನು ಬಹಳ ಹೊತ್ತು ನೋಡಿದರು. ನಂತರ ಅರ್ಧ ಹಾಳೆಯ ಆ ಪತ್ರವನ್ನು ಮಡಚಿ ಗಂಡನ ಜೇಬಿಗೆ ಇಟ್ಟರು.

ಉಸುಕು, ಖಡಿ ನಮ್ಮಲ್ಲಿ ಬ್ರಾಸ್ ಲೆಕ್ಕದಲ್ಲಿ ಬರುತ್ತವೆ. ಒಂದು ಬ್ರಾಸ್ ಎಂದರೆ 100 ಘನ ಅಡಿ. ಟ್ರೇಲರ್ ಒಳಗೆ 10 ಅಡಿ ಉದ್ದ, 5 ಅಡಿ ಅಗಲ ಇದ್ದರೆ ಉಸುಕು 2 ಅಡಿ ಎತ್ತರ ನಿಂತಾಗ ಒಂದು ಬ್ರಾಸ್. ಒಂದೂವರೆ ಅಡಿ ಇದ್ದರೆ 75 ಘನ ಅಡಿ, ಮುಕ್ಕಾಲು ಬ್ರಾಸ್. ಹಣ ಮಾತ್ರ ಪೂರ್ತಿ. ಅಂಚಿನಲ್ಲಿ ಗುಡ್ಡೆ ಮಾಡಿ ನಡುವೆ ಕುಳಿ ಬಿಟ್ಟು ತರುವವರೂ ಇದ್ದಾರೆ. ಅದಕ್ಕೆ ಉಸುಕನ್ನು ಸಮ ಮಾಡಿಸಿ, ಒಂದು ಸರಳನ್ನು ತಳದವರೆಗೆ ಚುಚ್ಚಿ, ಒದ್ದೆಯ ಗುರುತಿನವರೆಗೆ ಅಳೆಯಬೇಕು. ಕಬ್ಬಿಣಕ್ಕೂ ಲೆಕ್ಕ ಇದೆ: 12 ಎಂ.ಎಂ. ದಪ್ಪದ, 12 ಮೀಟರ್ ಉದ್ದದ ಒಂದು ಸರಳು ಸುಮಾರು 10.7 ಕೆ.ಜಿ. ತೂಗಬೇಕು.

‘ಕ್ಯೂರಿಂಗ್ ಮಾಲೀಕರದು’ ಎಂದು ಕರಾರಿನಲ್ಲಿ ಬರೆಯುತ್ತಾರೆ. ಮಾಲೀಕರಿಗೆ ಅದು ಯಾವುದೋ ಯಂತ್ರದ ಕೆಲಸ ಎಂಬಂತೆ ಕೇಳುತ್ತದೆ. ಅದು ನೀರು ಉಣಿಸುವುದು. ಸಾಮಾನ್ಯ ಸಿಮೆಂಟಿಗೆ ಕಡಿಮೆಯೆಂದರೂ 7 ದಿನ, ಹಾರುಬೂದಿ ಬೆರೆತ ಪಿ.ಪಿ.ಸಿ. ಸಿಮೆಂಟಿಗೆ 10 ದಿನ ಕಾಂಕ್ರೀಟ್ ಒಣಗದಂತೆ ನೋಡಿಕೊಳ್ಳಬೇಕು. ಇದು ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐ.ಎಸ್. 456ರಲ್ಲಿ ಬರೆದಿರುವ ಲೆಕ್ಕ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಸ್ಲ್ಯಾಬಿನ ಮೇಲೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸದಿದ್ದರೆ ಸಂಜೆಯೊಳಗೆ ಕೂದಲೆಳೆಯ ಬಿರುಕು ಬರುತ್ತದೆ. ನಾನು ಹದಿನಾಲ್ಕು ದಿನ ನೀರು ನಿಲ್ಲಿಸುತ್ತೇನೆ, ಯಾರು ಎಷ್ಟು ಅವಸರ ಮಾಡಿದರೂ.

ಫ್ಲ್ಯಾಟಿನ ಅನುಭವ ನನಗೆ ಕಡಿಮೆ. ಆದರೂ ಒಂದನ್ನು ಹೇಳಲೇಬೇಕು. ಬೆಳಗಾವಿಯಲ್ಲಿ ತಂಗಿಯ ಮಗ 1,180 ಚದರ ಅಡಿಯ ಫ್ಲ್ಯಾಟ್ ಕೊಂಡ. ಗೃಹಪ್ರವೇಶಕ್ಕೆ ಹೋದಾಗ ಚೀಲದಲ್ಲಿದ್ದ ಟೇಪು ತೆಗೆದು ಕೋಣೆಕೋಣೆ ಅಳೆದೆ. ಕೂಡಿಸಿದರೆ 842. ಅವನ ಮುಖ ನೋಡಿ, ಅಂದು ಅಳೆಯಬಾರದಿತ್ತು ಎನ್ನಿಸಿತು. ಉಳಿದ 338 ಅಡಿ ಗೋಡೆಗಳು, ಬಾಲ್ಕನಿ, ಲಿಫ್ಟು, ಪಾವಟಿಗೆ, ಎಲ್ಲರೂ ಓಡಾಡುವ ಜಾಗದ ಪಾಲು. ಫ್ಲ್ಯಾಟು, ಪ್ಲಾಟು ಮಾರುವವರನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆಯಲ್ಲಿ ಕಾರ್ಪೆಟ್ ಏರಿಯಾಗೆ ಸ್ಪಷ್ಟ ಅರ್ಥ ಇದೆ: ಮನೆಯೊಳಗೆ ಬಳಸಲು ಸಿಗುವ ನೆಲ, ಒಳಗಿನ ಅಡ್ಡಗೋಡೆಗಳು ಸೇರಿ. ಹೊರಗೋಡೆ, ಬಾಲ್ಕನಿ, ತೆರೆದ ತಾರಸಿ ಸೇರುವುದಿಲ್ಲ. ಅದೇ ಕಾಯ್ದೆಯ 13ನೇ ಕಲಮಿನಂತೆ ಮಾರಾಟದ ಕರಾರು ನೋಂದಣಿಯಾಗುವ ಮೊದಲು ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ಅವನಿಂದ ಅರ್ಧ ಪಡೆದಿದ್ದರು.

ಸಂಪಾದಕರೇ, ಇಲ್ಲಿ ನಿಮ್ಮ ಪಾಲಿನದೂ ಒಂದು ಕೆಲಸ ಇದೆ. 500 ಚದರ ಮೀಟರಿಗಿಂತ ದೊಡ್ಡ ಬಡಾವಣೆ ರೇರಾದಲ್ಲಿ ನೋಂದಣಿಯಾಗಿರಬೇಕು ಮತ್ತು ಜಾಹೀರಾತಿನಲ್ಲಿ ಆ ನೋಂದಣಿ ಸಂಖ್ಯೆ ಇರಬೇಕು. ಇದು 11ನೇ ಕಲಮಿನ ಮಾತು. ಭಾನುವಾರದ ಎರಡು ಪುಟಗಳನ್ನು ಪೆನ್ನು ಹಿಡಿದು ಎಣಿಸಿದೆ. ಹದಿನೇಳು ಜಾಹೀರಾತುಗಳು. ಸಂಖ್ಯೆ ಇದ್ದದ್ದು ಐದರಲ್ಲಿ. ಉಳಿದ ಹನ್ನೆರಡರಲ್ಲಿ ಎಷ್ಟು ಚಿಕ್ಕವು, ಎಷ್ಟು ದೊಡ್ಡವು ಎಂದು ಓದುಗರು ಹೇಗೆ ತಿಳಿಯಬೇಕು? ಸಂಖ್ಯೆ ಕೊಡದ ಬಡಾವಣೆಗೆ ನೀವು ಒಂದು ಮಾತು ಕೇಳಿ ಜಾಗ ಕೊಡಿ. ಎನ್.ಎ. ಎಂದು ಬರೆದವರಿಂದ ಆದೇಶದ ತಾರೀಖನ್ನೂ ಬರೆಸಿ. ಅದೇ ಪುಟದ ಕೆಳಗೆ ವಾರಕ್ಕೆ ಒಂದು ಪದದಂತೆ, ಉತಾರ, ಬೋಜಾ, ಕೆ.ಜೆ.ಪಿ., 11ಬಿ, ಬ್ರಾಸ್, ಕಾರ್ಪೆಟ್ ಏರಿಯಾ ಎಂದು ನಮ್ಮ ಕಡೆಯ ಮಾತಿನಲ್ಲಿಯೇ ಅರ್ಥ ಮುದ್ರಿಸಿ. ಉಪ ನೋಂದಣಾಧಿಕಾರಿ ಕಚೇರಿಯ ಹೊರಗೆ ಜನ ಕಾಯುತ್ತ ಕೂರುವ ಬೆಂಚಿನ ಎದುರು ಅದೇ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆಸಬೇಕೆಂದು ಜಿಲ್ಲಾಡಳಿತವನ್ನೂ ಕೇಳಿಕೊಳ್ಳುತ್ತೇನೆ.

ಕಾನೂನಿನ ಪದಗಳಿಗೆ ತಿಳಿದ ವಕೀಲರು ನಿಮಗೆ ಸಿಗುತ್ತಾರೆ. ಗೌಂಡಿ ಕೆಲಸದ ಪದಗಳಿಗೆ ನಾನು ಬರುತ್ತೇನೆ. ಸಂಜೆ ಆರಕ್ಕೆ ಕೆಲಸ ಬಿಡುತ್ತೇವೆ. ಕೈಕಾಲು ತೊಳೆದು ನಿಮ್ಮ ಕಚೇರಿಗೆ ಬರಲು ಅರ್ಧ ಗಂಟೆ ಸಾಕು.

ಇಂತಿ ನಿಮ್ಮ ಓದುಗ,
ಒಬ್ಬ ಗೌಂಡಿ, ವಿಜಯಪುರ