ಕಬ್ಬಿನ ಕಟಾವಿಗೆ ಬರುವ ಮಕ್ಕಳ ಶಾಲೆ ತಪ್ಪದಿರಲಿ

ಮಾನ್ಯ ಸಂಪಾದಕರೇ,

ಕಬ್ಬು ನುರಿಸುವ ಹಂಗಾಮು ಬಂತೆಂದರೆ ಮುಧೋಳ, ಜಮಖಂಡಿ, ರಾಯಬಾಗ, ಅಥಣಿ ಭಾಗದ ಊರುಗಳಿಗೆ ಕಟಾವಿನ ಗ್ಯಾಂಗುಗಳು ಬಂದಿಳಿಯುತ್ತವೆ. ಮುಕಾದಮನಿಂದ (ಗ್ಯಾಂಗಿನ ಮೇಸ್ತ್ರಿಯಿಂದ) ಮುಂಗಡ ಪಡೆದು ಬರುವ ಈ ಕುಟುಂಬಗಳಲ್ಲಿ ಗಂಡ–ಹೆಂಡತಿಯ ಜೋಡಿಗೆ ಮಾತ್ರ ಲೆಕ್ಕವಿರುತ್ತದೆ. ಅವರ ಬೆನ್ನಿಗೆ ಬರುವ ಮಕ್ಕಳ ಹೆಸರು ಕಾರ್ಖಾನೆಯ ದಾಖಲೆಯಲ್ಲಾಗಲಿ ನಮ್ಮೂರ ಶಾಲೆಯ ಹಾಜರಿಯಲ್ಲಾಗಲಿ ಸಿಗುವುದು ಅಪರೂಪ. ನಾನೂ ಕಬ್ಬು ಬೆಳೆಗಾರನಾಗಿರುವುದರಿಂದ ಈ ವಿಷಯದಲ್ಲಿ ನಮ್ಮೆಲ್ಲರ ಹೊಣೆಯನ್ನು ನೆನಪಿಸಬೇಕೆಂದು ಬರೆಯುತ್ತಿದ್ದೇನೆ.

ಕಳೆದ ಹಂಗಾಮಿನಲ್ಲಿ ನಮ್ಮ ಪಡ (ಕಬ್ಬಿನ ಹೊಲ) ಕಡಿಯುವಾಗ ಹತ್ತು ವರ್ಷದ ಆಸುಪಾಸಿನ ಹುಡುಗಿಯೊಬ್ಬಳು ಬೆಳಿಗ್ಗೆಯಿಂದ ಸೋಗೆ ಆಯ್ದು ಹೊರೆ ಕಟ್ಟುತ್ತಿದ್ದಳು. ಸೋಗೆಯ ಅಂಚು ತಾಗಿ ಅವಳ ಮುಂಗೈ ತುಂಬ ಸಣ್ಣ ಸಣ್ಣ ಗೀರುಗಳೆದ್ದಿದ್ದವು. ದನದ ಮೇವಿಗೆಂದು ಆ ಹೊರೆಗಳನ್ನು ಮಾರಿ ಬಂದ ದುಡ್ಡಿನಲ್ಲೇ ಅವರ ಸಂತೆ ನಡೆಯುತ್ತದೆ. ನಡುನಡುವೆ ಅವಳು ಬದುವಿನ ಗಿಡಕ್ಕೆ ಕಟ್ಟಿದ ಜೋಳಿಗೆಯಲ್ಲಿದ್ದ ತಮ್ಮನನ್ನು ತೂಗಿ ಬರುತ್ತಿದ್ದಳು. ಶಾಲೆಯ ವಿಚಾರ ಕೇಳಿದಾಗ, ಊರಲ್ಲಿ ನಾಲ್ಕನೇ ಇಯತ್ತೆಯಲ್ಲಿ ಹೆಸರಿದೆ ಎಂದು ಅವಳ ತಾಯಿ ಹೇಳಿದರು.

ಮಕ್ಕಳ ದುಡಿಮೆಯನ್ನು ತಡೆಯುವ ಕಾನೂನು ನಮ್ಮ ನಾಡಿಗೆ ಹೊಸದಲ್ಲ. ಬೆಳಗಾವಿ, ವಿಜಯಪುರ ಸೀಮೆ ಮುಂಬೈ ಪ್ರಾಂತದಲ್ಲಿದ್ದ ಕಾಲದಲ್ಲಿಯೇ, 1881ರ ಕಾರ್ಖಾನೆ ಕಾಯ್ದೆಯು ಏಳು ವರ್ಷದೊಳಗಿನ ಮಕ್ಕಳನ್ನು ದುಡಿಸಿಕೊಳ್ಳಬಾರದೆಂದೂ, ಏಳರಿಂದ ಹನ್ನೆರಡರ ಮಕ್ಕಳ ದುಡಿಮೆ ದಿನಕ್ಕೆ ಒಂಬತ್ತು ತಾಸು ಮೀರಬಾರದೆಂದೂ ವಿಧಿಸಿತು. ಆದರೆ ಅದು ಅನ್ವಯಿಸಿದ್ದು ನೂರು ಅಥವಾ ಹೆಚ್ಚು ಜನ ದುಡಿಯುವ, ಯಂತ್ರಶಕ್ತಿಯಿಂದ ನಡೆಯುವ ಕಾರ್ಖಾನೆಗಳಿಗೆ ಮಾತ್ರ. 1891ರಲ್ಲಿ ಕನಿಷ್ಠ ವಯಸ್ಸು ಒಂಬತ್ತಾಯಿತು, 1922ರಲ್ಲಿ ಹನ್ನೆರಡಾಯಿತು, ಸ್ವಾತಂತ್ರ್ಯಾನಂತರ 1948ರ ಕಾಯ್ದೆಯಲ್ಲಿ ಹದಿನಾಲ್ಕಾಯಿತು. ಮುಂಗಡ ಪಡೆದು ಮಕ್ಕಳ ದುಡಿಮೆಯನ್ನು ಒತ್ತೆಯಿಡುವ ಕರಾರು ಅಸಿಂಧು ಎಂದು 1933ರಲ್ಲೇ ಪ್ರತ್ಯೇಕ ಕಾಯ್ದೆ ಬಂದಿತ್ತು. ಇಂಥ ಕರಾರು ಮಾಡಿಕೊಂಡ ಪಾಲಕರಿಗೆ ಐವತ್ತು ರೂಪಾಯಿಯವರೆಗೆ, ಮಾಲೀಕನಿಗೆ ಇನ್ನೂರು ರೂಪಾಯಿಯವರೆಗೆ ದಂಡವಿತ್ತು. ಇಂದಿನ ಕಟಾವಿನ ಮುಂಗಡವನ್ನು ಕಂಡವರಿಗೆ ಆ ಕಾಯ್ದೆ ಹಳೆಯದೆನಿಸುವುದಿಲ್ಲ. ಸಂವಿಧಾನದ 24ನೇ ವಿಧಿ ಕಾರ್ಖಾನೆ, ಗಣಿ ಹಾಗೂ ಅಪಾಯದ ಕೆಲಸಗಳಿಂದ ಹದಿನಾಲ್ಕರೊಳಗಿನ ಮಕ್ಕಳನ್ನು ದೂರವಿರಿಸಿತು. 1986ರ ಬಾಲಕಾರ್ಮಿಕ ಕಾಯ್ದೆಯೂ ಪಟ್ಟಿ ಮಾಡಿದ ಕೆಲಸಗಳನ್ನಷ್ಟೇ ನಿಷೇಧಿಸಿತ್ತು. ಹದಿನಾಲ್ಕರೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದೆಂಬ ನಿಯಮ ಬಂದದ್ದು 2016ರ ತಿದ್ದುಪಡಿಯಲ್ಲಿ. ಗಿರಣಿಯ ಬಾಗಿಲಿಗೆ ಬಂದಿದ್ದ ಕಾನೂನು ಹೊಲದ ಬದುವಿಗೆ ಬರಲು 135 ವರ್ಷ ಹಿಡಿಯಿತು.

ಆ ತಿದ್ದುಪಡಿಯೂ ಒಂದು ವಿನಾಯಿತಿಯನ್ನು ಉಳಿಸಿತು. ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಕೆಲಸದಲ್ಲಿ ಮಕ್ಕಳು ಕುಟುಂಬಕ್ಕೆ ನೆರವಾಗಬಹುದೆಂಬ ಈ ವಿನಾಯಿತಿಯೇ ಇಂದು ಎಲ್ಲರ ನೆಪವಾಗಿದೆ. 'ಅವರ ಮಕ್ಕಳು, ಅವರ ಕೆಲಸ' ಎಂದು ಹೇಳಿ ನಾವು ಸುಮ್ಮನಾಗುತ್ತೇವೆ. 2017ರ ನಿಯಮಗಳನ್ನು ಓದಿದರೆ ಆ ನೆಪ ನಿಲ್ಲುವುದಿಲ್ಲ. ಶಾಲೆಯ ವೇಳೆಯಲ್ಲಿ, ಹಾಗೆಯೇ ಸಂಜೆ ಏಳರಿಂದ ಬೆಳಿಗ್ಗೆ ಎಂಟರವರೆಗೆ, ಮಗುವಿನಿಂದ ಯಾವ ಕೆಲಸವನ್ನೂ ಮಾಡಿಸುವಂತಿಲ್ಲ. ಕಲಿಕೆಗೆ ಅಡ್ಡಿಯಾಗುವ ಕೆಲಸಕ್ಕೂ ಅವಕಾಶವಿಲ್ಲ. ಶಾಲೆಯ ಹಾಜರಿಯಲ್ಲಿರುವ ಮಗು ತಿಳಿಸದೆ ಸತತ 30 ದಿನ ಗೈರಾದರೆ ಮುಖ್ಯೋಪಾಧ್ಯಾಯರು ಅದನ್ನು ಈ ಕಾಯ್ದೆಯ ಜಾರಿಗೆಂದು ನೇಮಿಸಿದ ನೋಡಲ್ ಅಧಿಕಾರಿಗೆ ವರದಿ ಮಾಡಬೇಕು. ಸೋಗೆ ಕಟ್ಟುತ್ತಿದ್ದ ಆ ಹುಡುಗಿ ಊರು ಬಿಟ್ಟು ಆಗಲೇ ಎರಡು ತಿಂಗಳಾಗಿತ್ತು. ಇಂಥ ವರದಿಗಳು ಎಷ್ಟು ಶಾಲೆಗಳಿಂದ ಹೋಗುತ್ತವೆ, ಹೋದ ಮೇಲೆ ಏನಾಗುತ್ತದೆ ಎಂಬುದನ್ನು ಜಿಲ್ಲಾಡಳಿತ ಪ್ರತಿ ಹಂಗಾಮಿನಲ್ಲೂ ಬಹಿರಂಗಪಡಿಸಬೇಕು.

ಮಗುವನ್ನು ದುಡಿಸಿಕೊಂಡ ಮಾಲೀಕನಿಗೆ ಆರು ತಿಂಗಳಿಂದ ಎರಡು ವರ್ಷ ಜೈಲು, ಇಲ್ಲವೆ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ ಎಂದು ಕಾಯ್ದೆ ಹೇಳುತ್ತದೆ. ಮೊದಲ ಬಾರಿಗೆ ತಪ್ಪಿದ ತಂದೆತಾಯಿಗೆ ಶಿಕ್ಷೆಯಿಲ್ಲ, ಅದು ಸರಿಯೂ ಹೌದು. ಸಾಲದ ಹೊರೆಯಲ್ಲಿ ಊರು ಬಿಟ್ಟು ಬಂದವರನ್ನು ಠಾಣೆಗೆ ಎಳೆದರೆ ಮಗುವಿಗೆ ಶಾಲೆ ಸಿಗುವುದಿಲ್ಲ. ಆದರೆ ಕಬ್ಬಿನ ಪಡದಲ್ಲಿ ಮಾಲೀಕ ಯಾರು? ಗ್ಯಾಂಗು ಗುತ್ತಿಗೆದಾರನದು ಎನ್ನುತ್ತದೆ ಕಾರ್ಖಾನೆ. ಮಕ್ಕಳನ್ನು ಪಾಲಕರೇ ಕರೆತಂದರು ಎನ್ನುತ್ತಾನೆ ಗುತ್ತಿಗೆದಾರ. ಕಾರ್ಖಾನೆ ಕಳಿಸಿದ ಗ್ಯಾಂಗು ಎನ್ನುತ್ತೇವೆ ನಾವು ರೈತರು.

ಆದ್ದರಿಂದ ಕಟಾವಿನ ಕರಾರು ಮಾಡಿಕೊಳ್ಳುವಾಗಲೇ ಪ್ರತಿ ಜೋಡಿಯ ಜತೆಗಿರುವ ಮಕ್ಕಳ ಹೆಸರು, ವಯಸ್ಸು, ಊರಿನ ಶಾಲೆಯ ವಿವರ ಬರೆದುಕೊಂಡು ಕ್ಷೇತ್ರ ಶಿಕ್ಷಣಾಧಿಕಾರಿಗೆ ಕೊಡುವುದನ್ನು ಕಾರ್ಖಾನೆಗಳಿಗೆ ಕಡ್ಡಾಯ ಮಾಡಬೇಕು. ಗುಳೆ ಹೋಗುವ ತಾಂಡಾ, ಹಳ್ಳಿಗಳಲ್ಲಿ ಋತುಮಾನದ ವಸತಿ ನಿಲಯಗಳು ದೀಪಾವಳಿಯ ಮೊದಲೇ ಬಾಗಿಲು ತೆರೆಯಬೇಕು. ಗ್ಯಾಂಗು ಹೊರಟುಹೋದ ಮೇಲೆ ತೆರೆದರೆ ಮಕ್ಕಳು ಆಗಲೇ ಟ್ರ್ಯಾಕ್ಟರ್ ಹತ್ತಿರುತ್ತಾರೆ. ಹಾಗಿದ್ದೂ ಬಂದವರಿಗೆ ಗ್ಯಾಂಗಿನ ಗುಡಿಸಲುಗಳ ಹತ್ತಿರ ಟೆಂಟ್ ಶಾಲೆ ನಡೆಸಿ, ಅಲ್ಲಿನ ಹಾಜರಿಯನ್ನು ಊರಿನ ಶಾಲೆ ಒಪ್ಪುವಂತಾಗಬೇಕು. ಬೆಳೆಗಾರ ಬಂಧುಗಳಲ್ಲಿ ನನ್ನ ಕೋರಿಕೆ ಇಷ್ಟೇ: ನಿಮ್ಮ ಪಡದಲ್ಲಿ ಮಕ್ಕಳು ಕೆಲಸಕ್ಕಿಳಿದರೆ ಅಂದೇ ಮುಕಾದಮನಿಗೆ ಹೇಳಿ ನಿಲ್ಲಿಸಿ, ಅವನು ಕೇಳದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಇತಿ,
ಕಬ್ಬು ಬೆಳೆಗಾರ
ಮುಧೋಳ ತಾಲ್ಲೂಕು, ಬಾಗಲಕೋಟೆ ಜಿಲ್ಲೆ